ಧೂಮಪಾನ ಮತ್ತು ಹುಟ್ಟಿನಿಂದ ಬಂದ ರಕ್ಷಣೆ

"ನಮ್ಮ ಅಜ್ಜ ಎಂಬತ್ತು ವರ್ಷದವರೆಗೆ ಬೀಡಿ ಸೇದಿದರು, ಅವರಿಗೇನೂ ಆಗಲಿಲ್ಲ" ಎಂಬ ಮಾತನ್ನು ತಾವು ಕೇಳಿರಬಹುದು, ತಾವೇ ಆಡಿರಲೂಬಹುದು. ಈ ಮಾತನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಒಂದೇ ಪ್ರಮಾಣದಲ್ಲಿ ಧೂಮಪಾನ ಮಾಡುವ ಇಬ್ಬರಲ್ಲಿ ಒಬ್ಬನ ಶ್ವಾಸಕೋಶಗಳು ಬೇಗನೆ ಕೆಡುವುದೂ ಇನ್ನೊಬ್ಬನವು ಬಹುಕಾಲ ತಾಳುವುದೂ ಉಂಟು. ಇದಕ್ಕೆ ಒಂದು ಕಾರಣ ಹುಟ್ಟಿನೊಡನೆಯೇ ಬಂದಿರುತ್ತದೆ.

ತಂಬಾಕಿನ ಹೊಗೆಯಲ್ಲಿ ಸಾವಿರಾರು ರಾಸಾಯನಿಕ ವಸ್ತುಗಳಿವೆ. ಅವುಗಳಲ್ಲಿ ಕೆಲವು, ಕಬ್ಬಿಣಕ್ಕೆ ತುಕ್ಕು ಹಿಡಿಸಿದಂತೆ, ಶ್ವಾಸಕೋಶದ ಜೀವಕೋಶಗಳನ್ನು ಉತ್ಕರ್ಷಣಕ್ಕೆ ಗುರಿಪಡಿಸಿ ಹಾಳುಮಾಡುತ್ತವೆ. ಇದನ್ನು ತಡೆಯಲು ದೇಹವು ಸೂಪರ್‌ಆಕ್ಸೈಡ್ ಡಿಸ್‌ಮ್ಯುಟೇಸ್, ಕ್ಯಾಟಲೇಸ್ ಮೊದಲಾದ ಕಿಣ್ವಗಳನ್ನು ತಯಾರಿಸಿಕೊಳ್ಳುತ್ತದೆ. (ಹೆಸರುಗಳನ್ನು ನೆನಪಿಡಬೇಕಾಗಿಲ್ಲ.) ಮೊದಲನೆಯದು ತೀಕ್ಷ್ಣವಾದ ಆಮ್ಲಜನಕವನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಮಾರ್ಪಡಿಸುತ್ತದೆ, ಎರಡನೆಯದು ಅದನ್ನು ನೀರು ಮತ್ತು ಸಾಮಾನ್ಯ ಆಮ್ಲಜನಕವಾಗಿ ಒಡೆಯುತ್ತದೆ.

ಇಂತಹ ಪ್ರತಿಯೊಂದು ಕಿಣ್ವದ ರಚನೆಯನ್ನು ನಿರ್ಧರಿಸುವುದು ವಂಶವಾಹಿ. ಅದು ಎಲ್ಲರಲ್ಲಿಯೂ ಒಂದೇ ತೆರನಾಗಿಲ್ಲ. ಹೊಗೆಯ ಕೆಲವು ವಿಷಗಳನ್ನು ನಿವಾರಿಸಲು ನೆರವಾಗುವ ಒಂದು ಕಿಣ್ವದ ವಂಶವಾಹಿಯಂತೂ ಯೂರೋಪಿನ ಸುಮಾರು ಅರ್ಧದಷ್ಟು ಜನರಲ್ಲಿ ಇಲ್ಲವೇ ಇಲ್ಲ! ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ನಿವಾಸಿಗಳನ್ನು ದೀರ್ಘಕಾಲ ಪರಿಶೀಲಿಸಿದಾಗ, ಸೂಪರ್‌ಆಕ್ಸೈಡ್ ಡಿಸ್‌ಮ್ಯುಟೇಸಿನ ಒಂದು ವಂಶವಾಹಿಯಲ್ಲಿ ಅಪರೂಪದ ವ್ಯತ್ಯಾಸವುಳ್ಳ ಧೂಮಪಾನಿಗಳಲ್ಲಿ, ಶ್ವಾಸನಾಳಗಳು ಕಿರಿದಾಗಿ ಉಸಿರು ಸಾಲದಾಗುವ ದೀರ್ಘಕಾಲದ ಕಾಯಿಲೆ ಕಡಿಮೆಯಾಗಿತ್ತೆಂದು 2006ರಲ್ಲಿ ಪ್ರಕಟವಾಯಿತು.

ಹಾಗಾದರೆ ಅಂಥವರು ನಿಶ್ಚಿಂತೆಯಿಂದ ಸೇದಬಹುದೆ? ಅದೇ ನಗರದ ಅದೇ ಪರಿಶೀಲನೆಯಿಂದ 2004ರಲ್ಲಿಯೇ ಇನ್ನೊಂದು ಸಂಗತಿ ಹೊರಬಿದ್ದಿತ್ತು: ಅದೇ ವ್ಯತ್ಯಾಸವುಳ್ಳವರಲ್ಲಿ ಹೃದಯಕ್ಕೆ ರಕ್ತ ಸಾಲದೆ ಬರುವ ಕಾಯಿಲೆಯ ಅಪಾಯ ಹೆಚ್ಚು. ರಕ್ತನಾಳದ ಗೋಡೆಯಲ್ಲಿ ಕಾವಲಿರಬೇಕಾದ ಕಿಣ್ವವು ಅಲ್ಲಿ ನಿಲ್ಲದೆ ರಕ್ತದಲ್ಲಿ ಸೇರಿಹೋಗುವುದೇ ಇದಕ್ಕೆ ಕಾರಣವಿರಬಹುದೆಂದು ತಿಳಿಯಲಾಗಿದೆ. ಶ್ವಾಸಕೋಶಕ್ಕೆ ದೊರೆತ ರಕ್ಷಣೆ ಹೃದಯಕ್ಕೆ ದೊರೆಯಲಿಲ್ಲ.

ಇನ್ನು ಅಜ್ಜನವರ ವಿಷಯ. ಮಗುವಿಗೆ ವಂಶವಾಹಿಗಳಲ್ಲಿ ಅರ್ಧಭಾಗ ತಂದೆಯಿಂದ, ಅರ್ಧಭಾಗ ತಾಯಿಯಿಂದ ಬರುತ್ತದೆ. ಅಜ್ಜನಿಂದ ಮೊಮ್ಮಗನಿಗೆ ಬರುವುದು ಸರಾಸರಿ ಕಾಲುಭಾಗ ಮಾತ್ರ. ಅವರನ್ನು ಕಾಪಾಡಿದ ಅಂಶ ಆ ಕಾಲುಭಾಗದಲ್ಲಿ ಸೇರಿದೆಯೇ ಇಲ್ಲವೇ ಎಂಬುದು ಆಕಸ್ಮಿಕ. ಮನೆಯೊಳಗೆ ಅವರ ಬೀಡಿಯ ಹೊಗೆಯನ್ನು ಉಸಿರಾಡುತ್ತಿದ್ದ ಅಜ್ಜಿಯಂತೂ ಬೇರೆಯೇ ವಂಶದವರು. "ನೀವು ಸೇದಬಹುದು" ಎಂದು ಹೇಳಬಲ್ಲ ರಕ್ತಪರೀಕ್ಷೆ ಯಾವುದೂ ಇಲ್ಲ.

ಬ್ರಿಟನ್ನಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಪರಿಶೀಲಿಸಿದಾಗ, ಸಿಗರೇಟು ಬಿಡದವರು ಸರಾಸರಿ 10 ವರ್ಷ ಮೊದಲೇ ಮರಣ ಹೊಂದಿದ್ದು ಕಂಡುಬಂದಿತು. 40ನೆಯ ವಯಸ್ಸಿನಲ್ಲಿ ಬಿಟ್ಟವರು ಆ ನಷ್ಟದಲ್ಲಿ ಸುಮಾರು 9 ವರ್ಷಗಳನ್ನೂ, 50ರಲ್ಲಿ ಬಿಟ್ಟವರು 6 ವರ್ಷಗಳನ್ನೂ, 60ರಲ್ಲಿ ಬಿಟ್ಟವರು 3 ವರ್ಷಗಳನ್ನೂ ಉಳಿಸಿಕೊಂಡರು. ಬಿಡಲು ನೆರವು ಬೇಕಾದವರು 1800-112-356 ಸಂಖ್ಯೆಗೆ ಉಚಿತವಾಗಿ ದೂರವಾಣಿ ಮಾಡಬಹುದು.