ಗಣಕಯಂತ್ರದೊಳಗಣ ಸೇತುವೆಯೂ ಅದರ ದೋಷಪರಿಹಾರವೂ

ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿ, ಮದ್ದೂರು ಮಳವಳ್ಳಿಗಳ ಕಡೆ, ಗದ್ದೆಯುಳ್ಳ ರೈತನು ತನ್ನ ಪೈರಿಗೆ ನೀರು ಬಾರದಿದ್ದರೆ ಏನು ಮಾಡುವನೆಂಬುದನ್ನು ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ಕಣ್ಣಾರೆ ಕಂಡಿರುವರು. ಅವನು ಕೂಡಲೇ ಕನ್ನಂಬಾಡಿ ಕಟ್ಟೆಗೆ ಓಡುವುದಿಲ್ಲ. ಮೊದಲು ತನ್ನ ಬದುವನ್ನೂ, ಬಳಿಕ ಕಾಲುವೆಯನ್ನೂ, ಅನಂತರ ತೂಬನ್ನೂ ನೋಡುತ್ತ, ನೀರು ಎಲ್ಲಿಯವರೆಗೆ ಬಂದಿದೆ, ಎಲ್ಲಿಂದ ಮುಂದಕ್ಕೆ ಬಂದಿಲ್ಲ ಎಂಬುದನ್ನು ಗೊತ್ತುಮಾಡಿಕೊಳ್ಳುತ್ತಾನೆ. ಆ ಎರಡು ಸ್ಥಳಗಳ ನಡುವೆಯೇ ದೋಷವಿರಬೇಕು. ಗಣಕಯಂತ್ರಗಳ ಜಾಲದಲ್ಲಿ ಕೆಡುಕನ್ನು ಹುಡುಕುವ ವಿದ್ಯೆಯ ಸಾರವೂ ಇಷ್ಟೇ ಆಗಿರುವುದು.

ಒಂದೇ ದೊಡ್ಡ ಗಣಕಯಂತ್ರದೊಳಗೆ, ತಂತ್ರಾಂಶದ ಬಲದಿಂದ, ಅನೇಕ ಯಂತ್ರಗಳು ಬೇರೆಬೇರೆಯಾಗಿರುವಂತೆ ನಡೆಯುವ ಏರ್ಪಾಡುಂಟು. ಹೊರಗಿನ ನಿಜವಾದ ಯಂತ್ರಕ್ಕೆ ಆತಿಥೇಯವೆಂದೂ, ಒಳಗಿನ ವರ್ಚುಯಲ್ ಯಂತ್ರಗಳಿಗೆ ಅತಿಥಿಗಳೆಂದೂ ಹೆಸರು. 2007ರಲ್ಲಿ ಕೆವಿಎಂ ಎಂಬ ಸಾಧನವು ಲಿನಕ್ಸಿನ ತಿರುಳಿನಲ್ಲಿಯೇ ಸೇರಿದುದರಿಂದ ಈ ಏರ್ಪಾಡು ಸಣ್ಣ ಕಚೇರಿಗಳಿಗೂ ಸುಲಭವಾಯಿತು. ಆದರೆ ಆತಿಥೇಯಕ್ಕೆ ಹೊರಗಿನಿಂದ ಬರುವ ತಂತಿ ಅನೇಕ ವೇಳೆ ಒಂದೇ, ಅತಿಥಿಗಳೋ ಹಲವರು. ಅವರೆಲ್ಲರನ್ನೂ ಆ ಒಂದು ತಂತಿಗೆ ಕೂಡಿಸುವುದೇ ಬ್ರಿಜ್ ಎಂಬ ಸೇತುವೆಯ ಕಾರ್ಯ. ಅದು ತಂತ್ರಾಂಶದಿಂದಲೇ ರಚಿತವಾದ ಒಂದು ಸ್ವಿಚ್. 48 ಬಿಟ್‌ಗಳ ಮ್ಯಾಕ್ ವಿಳಾಸಗಳನ್ನು ನೋಡಿ, ಯಾರು ಯಾವ ಬಾಗಿಲಿನಾಚೆ ಇರುವರೆಂಬುದನ್ನು ತಾನೇ ಕಲಿತುಕೊಂಡು, ಬಂದುದನ್ನು ಸಲ್ಲತಕ್ಕವರಿಗೆ ಸಲ್ಲಿಸುವುದು.

ಕೆಲವು ವರ್ಷಗಳ ಹಿಂದೆ ಮಳವಳ್ಳಿಯ ಒಂದು ಕಚೇರಿಯ ಸರ್ವರಿನಲ್ಲಿ ಇಂಥ ಸೇತುವೆಯನ್ನು ಕಟ್ಟುವ ಕೆಲಸವು ನನ್ನ ಪಾಲಿಗೆ ಬಂದಿತು. ಹೆಣ್ಣುಮಕ್ಕಳ ವಿದ್ಯಾರ್ಥಿವೇತನದ ಅರ್ಜಿಗಳು ಅದರೊಳಗಣ ಒಂದು ಅತಿಥಿಯಂತ್ರದಲ್ಲಿದ್ದವು. ಅವನ್ನು ಕಳುಹಿಸುವುದಕ್ಕೆ ಮಾರನೆಯ ದಿನವೇ ಕಡೆಯ ದಿನ. ನಾನು ಮಂಡ್ಯದಲ್ಲಿಯೇ ಕುಳಿತು ದೂರದಿಂದ ಆಜ್ಞೆಗಳನ್ನು ಕೊಡುತ್ತಿದ್ದೆನು. ತಂತಿಯ ಕಾರ್ಡನ್ನು ಸೇತುವೆಗೆ ಸೇರಿಸಿದ ಕ್ಷಣವೇ ಸಂಪರ್ಕವು ಕಡಿದುಹೋಯಿತು. ಕುಳಿತ ಕೊಂಬೆಯನ್ನೇ ಕಡಿದುಕೊಂಡಿದ್ದೆನು! ಬಸ್ಸು ಹತ್ತಿ, ಮದ್ದೂರಿನಲ್ಲಿ ಇಳಿದು ಇನ್ನೊಂದನ್ನು ಹಿಡಿದು, ಮಳವಳ್ಳಿಯನ್ನು ಸೇರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು.

ತಪ್ಪು ಯಾವುದೆಂದರೆ: ಕಾರ್ಡು ಸೇತುವೆಗೆ ಸೇರಿದ ಬಳಿಕ ಅದು ಬರಿಯ ಒಂದು ಬಾಗಿಲಾಗುವುದು. ಆತಿಥೇಯದ ಐಪಿ ವಿಳಾಸವೂ, ಹೊರದಾರಿಯಾದ ಗೇಟ್‌ವೇಯೂ ಇನ್ನು ಸೇತುವೆಯ ಮೇಲಿರಬೇಕೇ ಹೊರತು ಕಾರ್ಡಿನ ಮೇಲಲ್ಲ. ನಾನು ಅವನ್ನು ಹಳೆಯ ಜಾಗದಲ್ಲಿಯೇ ಬಿಟ್ಟಿದ್ದೆನು. ಯಂತ್ರದ ಮುಂದೆಯೇ ಕುಳಿತು ಅವನ್ನು ಸೇತುವೆಗೆ ವರ್ಗಾಯಿಸಿದೊಡನೆ ಆತಿಥೇಯವು ಮಾತನಾಡಿತು. ಅತಿಥಿಯು ಮಾತ್ರ ಇನ್ನೂ ಮೌನವಾಗಿಯೇ ಇದ್ದಿತು.

ಆಗ ನಾಲೆಯ ರೈತನ ಕ್ರಮವನ್ನು ನೆನೆದೆನು. ಟಿಸಿಪಿಡಂಪ್ ಎಂಬ ಸಾಧನದಿಂದ ಕಾರ್ಡು, ಸೇತುವೆ, ಅತಿಥಿಯ ಬಾಗಿಲು, ಈ ಮೂರು ಕಡೆಗಳಲ್ಲಿಯೂ ಏನು ಹರಿಯುತ್ತಿದೆಯೆಂದು ನೋಡಬಹುದು. ಹಾಗೆ ನೋಡಲಾಗಿ ಒಂದು ವಿಚಿತ್ರವು ಕಂಡುಬಂದಿತು. "ಈ ವಿಳಾಸವು ಯಾರದು?" ಎಂದು ಕೇಳುವ ಎಆರ್‌ಪಿ ಕೂಗು ಅತಿಥಿಯನ್ನು ಮುಟ್ಟಿ ಉತ್ತರವೂ ಮರಳುತ್ತಿದ್ದಿತು, ಆದರೆ ಅದರ ಹಿಂದೆ ಬಂದ ಐಪಿ ಸಂದೇಶಗಳು ಸೇತುವೆಯಲ್ಲಿಯೇ ಮಾಯವಾಗುತ್ತಿದ್ದವು. ಕೂಗು ಮುಟ್ಟುವುದಾದರೆ ದಾರಿ ಸರಿಯಾಗಿದೆ. ಯಾರೋ ಕಾವಲುಗಾರನು ತಡೆಯುತ್ತಿರಬೇಕು. ಲಿನಕ್ಸಿನಲ್ಲಿ ಒಂದು ಬಗೆಯ ವ್ಯವಸ್ಥೆಯಿರುವುದು. ಅದು ನಡೆಯುತ್ತಿರುವಾಗ ಸೇತುವೆಯ ಮೇಲಿನ ಐಪಿ ಸಂದೇಶಗಳು ಸಹ ಫೈರ್‌ವಾಲಿನ ನಿಯಮಗಳಿಗೆ ಒಳಪಡುವುವು, ಎಆರ್‌ಪಿಯು ಆ ನಿಯಮಗಳಿಗೆ ಒಳಪಡುವುದಿಲ್ಲ. ಅದೇ ಸರ್ವರಿನಲ್ಲಿ ಸ್ಥಾಪಿಸಿದ್ದ ಕಂಟೇನರ್ ತಂತ್ರಾಂಶವೊಂದು ಸಾಗುವ ಸಂದೇಶಗಳನ್ನೆಲ್ಲ ತಡೆಯುವ ನಿಯಮವನ್ನು ಇಟ್ಟಿದ್ದಿತು. ಸೇತುವೆಗೆ ಪ್ರತ್ಯೇಕವಾಗಿ ಅನುಮತಿಯನ್ನು ಬರೆದೊಡನೆ ಅತಿಥಿಯು ಉತ್ತರ ಕೊಟ್ಟಿತು. ಅರ್ಜಿಗಳು ಆ ರಾತ್ರಿಯೇ ಹೊರಟವು.

ಇತರ ಕಾರಣಗಳನ್ನೂ ಇಲ್ಲಿ ಹೇಳುವುದು ಉಚಿತ. ಒಂದು ಅತಿಥಿಯ ಪ್ರತಿಯನ್ನು ತೆಗೆದು ಇನ್ನೊಂದನ್ನು ಮಾಡಿದಾಗ ಎರಡಕ್ಕೂ ಒಂದೇ ಮ್ಯಾಕ್ ವಿಳಾಸವು ಉಳಿದರೆ, ಸೇತುವೆಯು ಗೊಂದಲಕ್ಕೊಳಗಾಗಿ ಸಂಪರ್ಕವು ಬರುತ್ತ ಹೋಗುತ್ತ ಇರುವುದು. ತಂತಿಯಿಲ್ಲದ ವೈಫೈ ಕಾರ್ಡನ್ನು ಸಾಮಾನ್ಯವಾಗಿ ಸೇತುವೆಗೆ ಸೇರಿಸಲಾಗದು. ತನ್ನಲ್ಲಿ ನೋಂದಾಯಿಸಿದ ವಿಳಾಸದ ಹೊರತು ಅನ್ಯವಿಳಾಸದಿಂದ ಬಂದುದನ್ನು ವೈಫೈ ಕೇಂದ್ರವು ಅಂಗೀಕರಿಸುವುದಿಲ್ಲ. ಸ್ಪ್ಯಾನಿಂಗ್ ಟ್ರೀ ಎಂಬ ಕ್ರಮವು ನಡೆಯುತ್ತಿದ್ದರೆ, ಹೊಸ ಬಾಗಿಲು 15 ಸೆಕೆಂಡು ಆಲಿಸಿ, 15 ಸೆಕೆಂಡು ಕಲಿತು, ಆಮೇಲೆಯೇ ತೆರೆಯುವುದು. ಅಷ್ಟರಲ್ಲಿ ಅತಿಥಿಯು ವಿಳಾಸ ಬೇಡಿ ಬೇಸತ್ತು ಸುಮ್ಮನಾಗಬಹುದು. ಇದು ದೋಷವಲ್ಲ, ಸೇತುವೆಗಳು ಸುತ್ತಾಗಿ ಕೂಡಿಕೊಂಡು ಸಂದೇಶಗಳು ಕೊನೆಯಿಲ್ಲದೆ ಸುತ್ತದಂತೆ ಕಾಪಾಡುವ ಎಚ್ಚರಿಕೆ. ಈ ಕ್ರಮವನ್ನು 1985ರಲ್ಲಿ ಕಂಡುಹಿಡಿದವರು ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ. ಇಂದಿಗೂ ಅಸಂಖ್ಯಾತ ಜಾಲಗಳು ಆ ಕ್ರಮವನ್ನೂ ಅದರಿಂದ ಬೆಳೆದುಬಂದ ಕ್ರಮಗಳನ್ನೂ ಅವಲಂಬಿಸಿರುವುವೆಂಬುದನ್ನು ನಮ್ಮ ಬಾಲಿಕೆಯರು ಮರೆಯದಿರಲಿ.

ಆದಕಾರಣ, ಸೋದರಿಯರೇ, ಇಂಥ ಕೆಲಸಕ್ಕೆ ಕೈಹಾಕುವಾಗ ಮೂರು ಮಾತುಗಳನ್ನು ಮನಸ್ಸಿನಲ್ಲಿಡಿರಿ. ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡಿ, ಅದರ ಫಲವನ್ನು ಬರೆದಿಡಿರಿ. ಎಲ್ಲಿಯವರೆಗೆ ಸರಿಯಿದೆಯೆಂಬುದನ್ನು ಕಂಡುಕೊಳ್ಳುವ ಮೊದಲು ಏನನ್ನೂ ತಿದ್ದಬೇಡಿರಿ. ದೂರದಿಂದ ಕೆಲಸ ಮಾಡುವುದಾದರೆ, ಹತ್ತು ನಿಮಿಷಗಳಲ್ಲಿ ಹಳೆಯ ಸ್ಥಿತಿಯು ತಾನಾಗಿಯೇ ಮರಳುವಂತೆ ಮುಂಚಿತವಾಗಿ ಆಜ್ಞೆಯನ್ನು ಇಟ್ಟಿರಿ. ಈ ಮೂರನೆಯ ಮಾತು ನನಗೆ ಆ ದಿನ ತಿಳಿದಿದ್ದಲ್ಲಿ, ಮದ್ದೂರಿನ ಬಸ್ ನಿಲ್ದಾಣದಲ್ಲಿ ಅಷ್ಟು ಹೊತ್ತು ಕಳವಳದಿಂದ ನಿಲ್ಲಬೇಕಾಗಿರಲಿಲ್ಲ.