ಗೊದಮೊಟ್ಟೆಯ ಬಾಲ

ಮುಂಗಾರು ಮಳೆ ಸುರಿದ ಮೇಲೆ ಹೆಬ್ಬಾಳ, ಯಲಹಂಕದ ಕಡೆಯ ನಿಂತ ನೀರಿನಲ್ಲಿ ಗೊದಮೊಟ್ಟೆಗಳು ಗುಂಪುಗುಂಪಾಗಿ ಈಜಾಡುತ್ತವೆ. ದಿನ ಕಳೆದಂತೆ ಅವುಗಳಿಗೆ ಕಾಲು ಮೂಡುತ್ತದೆ, ಬಾಲ ಮಾಯವಾಗುತ್ತದೆ. ಬಾಲ ಉದುರಿತೆಂದು ಭಾವಿಸುವವರುಂಟು. ಅದು ತಪ್ಪು, ದೇಹವೇ ಅದನ್ನು ಕರಗಿಸಿ ಹೀರಿಕೊಳ್ಳುತ್ತದೆ.

ಜೀವಕೋಶಗಳು ಇಟ್ಟಿಗೆಗಳಾದರೆ ಅವುಗಳನ್ನು ಹಿಡಿದಿಡಲು ಗಾರೆಯೂ ಬೇಕಷ್ಟೆ. ಆ ಗಾರೆಯ ಮುಖ್ಯ ಅಂಶ ಕೊಲಾಜನ್ ಎಂಬ ಪ್ರೋಟೀನು. ಮೂರೆಳೆಯ ಹಗ್ಗದಂತೆ ಹೊಸೆದುಕೊಂಡಿರುವ ಇದನ್ನು ಸಾಮಾನ್ಯ ಕಿಣ್ವಗಳು ಕತ್ತರಿಸಲಾರವು. ಹಾಗಾದರೆ ಬಾಲ ಕರಗುವುದೆಂತು? 1962ರಲ್ಲಿ ಅಮೆರಿಕದಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ ಎಂಬ ವಿಜ್ಞಾನಿಗಳು ಗೊದಮೊಟ್ಟೆಯ ಬಾಲದ ತುಣುಕುಗಳನ್ನು ಕೊಲಾಜನ್ನಿನ ಮಬ್ಬಾದ ಲೋಳೆಯ ಮೇಲಿರಿಸಿದರು. ತುಣುಕುಗಳ ಸುತ್ತ ಲೋಳೆ ಕರಗಿ ತಿಳಿಯಾಯಿತು! ಕೊಲಾಜನೇಸ್ ಎಂಬ ಕಿಣ್ವ ಬೆಳಕಿಗೆ ಬಂದುದು ಹೀಗೆ. ಸತುವಿನ ಪರಮಾಣುವಿಲ್ಲದೆ ಅದು ಕೆಲಸ ಮಾಡದು.

ಮನುಷ್ಯನಲ್ಲಿಯೂ ಈ ಕುಲದ ಇಪ್ಪತ್ತಕ್ಕೂ ಹೆಚ್ಚು ಕಿಣ್ವಗಳಿವೆ. ಗಾಯ ಮಾಯಲು ಅವು ಬೇಕೇ ಬೇಕು. ಆದರೆ ಅಂಕೆ ತಪ್ಪಿದಾಗ ಅವು ಕೀಲುಗಳ ಮೃದ್ವಸ್ಥಿಯನ್ನು ಸವೆಸುತ್ತವೆ. ಕ್ಯಾನ್ಸರ್ ಕೋಶಗಳು ಹರಡಲು ದಾರಿ ಮಾಡಿಕೊಡುತ್ತವೆ. ಅವುಗಳಿಗೆ ಕಡಿವಾಣವನ್ನೂ ದೇಹವೇ ಸಿದ್ಧಪಡಿಸಿದೆ. ಟಿಂಪ್ ಎಂಬ ನಾಲ್ಕು ಬಗೆಯ ಪ್ರೋಟೀನುಗಳು ಕಿಣ್ವದಲ್ಲಿ ಸತುವಿರುವ ಸಂದಿಗೆ ಬೆಣೆಯಂತೆ ಹೊಕ್ಕು ಅದನ್ನು ನಿಲ್ಲಿಸುತ್ತವೆ. ಇದೇ ಕಾರ್ಯಕ್ಕೆಂದು ಮನುಷ್ಯ ರೂಪಿಸಿದ ಔಷಧಗಳನ್ನು 1990ರ ದಶಕದಲ್ಲಿ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಲಾಯಿತು. ಅವು ಬೇಕಾದ ಕಿಣ್ವ, ಬೇಡದ ಕಿಣ್ವ ಎಂದು ಭೇದವೆಣಿಸಲಿಲ್ಲ. ರೋಗ ಬಗ್ಗಲಿಲ್ಲ, ಹಲವರಿಗೆ ಕೀಲುನೋವು ಮಾತ್ರ ಬಂದಿತು.