ಊರ ಮಗನೂ ಊರ ಬಾಯಿಯೂ

2025ನೆಯ ಇಸವಿ ಮೇ ತಿಂಗಳ 18ನೆಯ ತಾರೀಖಿನ ರಾತ್ರಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ, ಮೇಪಲ್ ಲೀಫ್ಸ್ ಎಂಬ ಹೆಸರಿನ ಹಾಕಿ ತಂಡವು ತನ್ನ ಸ್ವಂತ ಕ್ರೀಡಾಭವನದಲ್ಲಿಯೇ ಫ್ಲಾರಿಡಾದ ತಂಡಕ್ಕೆ 6-1ರಂತೆ ಸೋತಿತು. ಏಳು ಪಂದ್ಯಗಳ ಸರಣಿಯಲ್ಲಿ ಅದು ಏಳನೆಯದು. ಅಲ್ಲಿಗೆ ಆ ವರ್ಷದ ಆಟವು ಮುಗಿದಂತೆಯೇ. ಪ್ರೇಕ್ಷಕರಲ್ಲಿ ಕೆಲವರು ತಾವು ತೊಟ್ಟು ಬಂದಿದ್ದ ತಂಡದ ನೀಲಿ ಅಂಗಿಗಳನ್ನು ಕಳಚಿ ಅಂಕಣದೊಳಕ್ಕೆ ಎಸೆದರು. ಸಾವಿರಾರು ಕಂಠಗಳು ಒಂದಾಗಿ ಹಳಿದವು. ಆ ಕೂಗು ಹದಿನೆಂಟು ಇಪ್ಪತ್ತು ಆಟಗಾರರಿಗೂ ಸಮನಾಗಿ ಹಂಚಿಕೊಳ್ಳತಕ್ಕದ್ದಾಗಿದ್ದರೂ, ಅದರ ದೊಡ್ಡ ಪಾಲು ಒಬ್ಬನ ತಲೆಯ ಮೇಲೆ ಬಿತ್ತು. ಆತನ ಹೆಸರು ಮಿಚ್ ಮಾರ್ನರ್. ಆತನು ಪರಸ್ಥಳದವನಲ್ಲ, ಟೊರಾಂಟೋ ನಗರದ ಸೆರಗಿನಲ್ಲಿರುವ ಮಾರ್ಕಮ್ ಎಂಬ ಊರಿನಲ್ಲಿ 1997ರಲ್ಲಿ ಹುಟ್ಟಿದವನು, ಆ ಊರಿನವರೇ ಕೆಲವು ವರ್ಷಗಳ ಹಿಂದೆ ‘ನಮ್ಮ ಹುಡುಗ’ ಎಂದು ತಲೆಯ ಮೇಲೆ ಹೊತ್ತು ಮೆರೆಸಿದವನು.

ಹಾಕಿ ಎಂದೊಡನೆ ನಮ್ಮ ವಾಚಕರಿಗೆ ಹಸುರು ಬಯಲೂ, ಧ್ಯಾನಚಂದರ ಹೆಸರೂ, ಮನೆತನಕ್ಕೊಂದು ತಂಡ ಕಟ್ಟಿ ಹಬ್ಬದಂತೆ ಆಡುವ ಕೊಡಗಿನವರೂ ನೆನಪಿಗೆ ಬರುವುದು ಸಹಜ. ಕೆನಡಾದಲ್ಲಿ ಹಾಕಿ ಎಂದರೆ ಬೇರೆಯೇ ಆಟ. ಅಲ್ಲಿ ಮಂಜುಗಡ್ಡೆಯೇ ಅಂಕಣ. ಅಡಿಗೆ ಉಕ್ಕಿನ ಅಲಗುಳ್ಳ ಸ್ಕೇಟುಗಳನ್ನು ಕಟ್ಟಿಕೊಂಡು, ಗೋಲಿನ ಕಾವಲುಗಾರನೂ ಸೇರಿ ಒಂದು ಕಡೆಗೆ ಆರೇ ಜನರು ಆಡುತ್ತಾರೆ. ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ. ಇಪ್ಪತ್ತು ನಿಮಿಷಗಳ ಮೂರು ಭಾಗ. ವರ್ಷದಲ್ಲಿ ಅರ್ಧಭಾಗ ಕೆರೆಕುಂಟೆಗಳೆಲ್ಲ ಹೆಪ್ಪುಗಟ್ಟುವ ಆ ನಾಡಿನಲ್ಲಿ ಮಕ್ಕಳು ನಡೆಯಲು ಕಲಿತೊಡನೆ ಈ ಆಟವನ್ನು ಕಲಿಯುತ್ತಾರೆಂದರೆ ಅತಿಶಯೋಕ್ತಿಯಾಗದು. ಟೊರಾಂಟೋದ ಸುತ್ತ ಇಂದು ನೆಲೆಸಿರುವ ಕನ್ನಡಿಗರ ಮನೆಗಳ ಮಕ್ಕಳೂ ಚಳಿಗಾಲದಲ್ಲಿ ಇದನ್ನು ನೋಡುತ್ತಲೇ ಬೆಳೆಯುತ್ತಾರೆ.

ಈ ತಂಡಕ್ಕೂ ಆ ನಗರಕ್ಕೂ ಇರುವ ನಂಟನ್ನು ಅರಿಯದೆ ಮೇಲಿನ ಪ್ರಸಂಗವು ಅರ್ಥವಾಗಲಾರದು. ಮೇಪಲ್ ಲೀಫ್ಸ್ ಎಂಬ ಹೆಸರು ತಂಡಕ್ಕೆ ಬಂದದ್ದು 1927ರಲ್ಲಿ. ಸ್ಟ್ಯಾನ್ಲಿ ಕಪ್ ಎಂಬ ಪರಮ ಪಾರಿತೋಷಕವನ್ನು ತಂಡವು ಹದಿಮೂರು ಸಲ ಗೆದ್ದಿದೆ. ಕೊನೆಯ ಸಲ ಗೆದ್ದದ್ದು 1967ರಲ್ಲಿ. ಆಗ ಲೀಗಿನಲ್ಲಿದ್ದವು ಆರೇ ತಂಡಗಳು, ಈಗ ಮೂವತ್ತೆರಡು. ಅಂದಿನಿಂದ 2025ರವರೆಗೆ ಐವತ್ತೆಂಟು ವರ್ಷಗಳು ಕಳೆದರೂ ಕಪ್ಪು ಮರಳಲಿಲ್ಲ. ಅಜ್ಜನು ಕಂಡ ಗೆಲುವನ್ನು ಮಗನು ಕಾಣಲಿಲ್ಲ. ಮೊಮ್ಮಗನು ಕಥೆಯಾಗಿ ಕೇಳಿದ್ದಾನೆ. ಹೀಗಿದ್ದರೂ ಆಸನಗಳು ಖಾಲಿಯಾಗಿಲ್ಲ. ಸೋಲುತ್ತಿರುವ ತಂಡವನ್ನು ಅರ್ಧ ಶತಮಾನಕ್ಕೂ ಮಿಗಿಲಾಗಿ ಕೈಬಿಡದೆ ಸಾಕಿದ ಜನರಿಗೆ ಸಿಟ್ಟಿಗೇಳುವ ಹಕ್ಕು ಇಲ್ಲವೆಂದು ನಾವು ಹೇಳುವವರಲ್ಲ.

ಇಂತಹ ತಂಡಕ್ಕೆ ಊರ ಮಗನೇ ಆಟಗಾರನಾಗಿ ಬರುವುದು ಕೇವಲ ಅದೃಷ್ಟದ ಮಾತು. ಏಕೆಂದರೆ ಅಲ್ಲಿನ ಲೀಗಿನಲ್ಲಿ ಹದಿನೆಂಟು ವರ್ಷದ ಹುಡುಗನು ತನಗೆ ಬೇಕಾದ ತಂಡವನ್ನು ಆರಿಸಿಕೊಳ್ಳುವಂತಿಲ್ಲ. ವರ್ಷಕ್ಕೊಮ್ಮೆ ತಂಡಗಳೇ ಸರದಿಯಂತೆ ಹುಡುಗರನ್ನು ಆರಿಸುತ್ತವೆ. ಹಿಂದಿನ ವರ್ಷ ಹೀನವಾಗಿ ಆಡಿದವರಿಗೆ ಮೊದಲ ಸರದಿಗಳು ದೊರೆಯುವಂತೆ ಏರ್ಪಾಡು. ಟೊರಾಂಟೋ ತಂಡವು 2015ರಲ್ಲಿ ಸಾಕಷ್ಟು ಹೀನವಾಗಿಯೇ ಆಡಿದ್ದುದರಿಂದ ನಾಲ್ಕನೆಯ ಸರದಿ ಅದರ ಪಾಲಿಗೆ ಬಂದು, ಮಾರ್ನರ್ ಮನೆಯ ಬಾಗಿಲಿಗೇ ಬಂದನು. ಆಳು ಸಣಕಲು, ಆದರೆ ಅಂಕಣದಲ್ಲಿ ಎಲ್ಲಿ ಯಾರಿದ್ದಾರೆಂಬುದನ್ನು ಬೆನ್ನಿನಿಂದಲೂ ಕಾಣುವವನಂತೆ ಬಿಲ್ಲೆಯನ್ನು ಸಂಗಡಿಗನಿಗೆ ತಲುಪಿಸುವ ಕಲೆ. 2016ರ ಅಕ್ಟೋಬರ್ 15ರಂದು, ಸ್ವಂತ ಊರಿನ ಜನರೆದುರಿನ ಮೊದಲ ಪಂದ್ಯದಲ್ಲಿ, ಆತನ ಮೊದಲ ಗೋಲು. ಆ ಒಂಬತ್ತು ವರ್ಷಗಳಲ್ಲಿ 657 ಸಾಮಾನ್ಯ ಪಂದ್ಯಗಳಿಂದ 741 ಅಂಕಗಳು. ಅವುಗಳಲ್ಲಿ 520 ಅಂಕಗಳು ಇತರರಿಗೆ ಗೋಲು ಮಾಡಿಸಿಕೊಟ್ಟು ಗಳಿಸಿದವು.

ಹಾಗಾದರೆ ವಿರಸವು ಎಲ್ಲಿಂದ ಹುಟ್ಟಿತು? ಮೊದಲು ಹಣದಿಂದ. 2019ರ ಬೇಸಗೆಯಲ್ಲಿ ಹೊಸ ಕರಾರಿನ ಚರ್ಚೆಯು ತಿಂಗಳುಗಟ್ಟಲೆ ಎಳೆದು, ಸೆಪ್ಟೆಂಬರಿನಲ್ಲಿ ಆರು ವರ್ಷಗಳಿಗೆ ಆರೂವರೆ ಕೋಟಿ ಡಾಲರುಗಳಿಗೂ ಮೀರಿದ ಒಪ್ಪಂದವಾಯಿತು. ಬೇರೆ ವ್ಯವಹಾರಗಳಲ್ಲಾದರೆ ಮಾಲಿಕನು ಕೊಟ್ಟನು, ಕೆಲಸಗಾರನು ಪಡೆದನು, ನಮಗೇನು ಎನ್ನಬಹುದು. ಇಲ್ಲಿ ಹಾಗಲ್ಲ. ಪ್ರತಿಯೊಂದು ತಂಡವೂ ಸಂಬಳಕ್ಕೆಂದು ವೆಚ್ಚಮಾಡತಕ್ಕ ಒಟ್ಟು ಮೊತ್ತಕ್ಕೆ ಲೀಗು ಮಿತಿಯನ್ನು ಕಟ್ಟಿದೆ. ಒಬ್ಬನಿಗೆ ಹೆಚ್ಚು ಕೊಟ್ಟಷ್ಟೂ ಇನ್ನೊಬ್ಬನನ್ನು ತರಲು ಹಣವಿಲ್ಲ. ಕರಾರಾದ ಮರುವರ್ಷವೇ ಮಹಾಮಾರಿ ಬಂದು ಆ ಮಿತಿಯು 8 ಕೋಟಿ 15 ಲಕ್ಷ ಡಾಲರುಗಳಲ್ಲಿಯೇ ನಿಂತುಹೋಯಿತು. ಮಾರ್ನರನನ್ನೊಳಗೊಂಡು ನಾಲ್ವರ ಸಂಬಳವೇ ಅದರ ಅರ್ಧವನ್ನು ನುಂಗುತ್ತಿತ್ತು. ಮಹಾಮಾರಿಯನ್ನು ಆತನು ತರಲಿಲ್ಲ. ಆದರೆ ಲೆಕ್ಕದ ಪುಸ್ತಕವು ದಯಾದಾಕ್ಷಿಣ್ಯವನ್ನು ಅರಿಯದು. ‘ನಮ್ಮ ಹುಡುಗನಾಗಿದ್ದರೆ ನಮಗಾಗಿ ಸ್ವಲ್ಪ ಬಿಟ್ಟುಕೊಡಬಾರದಿತ್ತೆ’ ಎಂಬ ಮಾತು ಅಂದು ಊರಿನಲ್ಲಿ ಹುಟ್ಟಿತು.

ಎರಡನೆಯದು, ಸರಿಯಾದ ಹೊತ್ತಿಗೆ ಕೈಕೊಟ್ಟನೆಂಬ ಆಪಾದನೆ. ಇದರಲ್ಲಿ ಹುರುಳಿಲ್ಲದಿಲ್ಲ. 2020 ಮತ್ತು 2021ರ ನಿರ್ಣಾಯಕ ಸರಣಿಗಳಲ್ಲಿ ಆತನು ಆಡಿದ ಹನ್ನೆರಡು ಪಂದ್ಯಗಳಲ್ಲಿ ಒಂದೇ ಒಂದು ಗೋಲಿಲ್ಲ. 2021ರಲ್ಲಿ ಹಳೆಯ ವೈರಿಯಾದ ಮಾಂಟ್ರಿಯಲ್ ತಂಡದೆದುರು ಮೂರಕ್ಕೊಂದರ ಮುಂದಾಳಿಕೆಯಿದ್ದು, ಆರನೆಯ ಪಂದ್ಯದಲ್ಲಿ ಈತನು ಗಾಬರಿಯಿಂದ ಬಿಲ್ಲೆಯನ್ನು ಗಾಜಿನ ಗೋಡೆಯಾಚೆಗೆ ಹಾರಿಸಿ ದಂಡನೆಗೆ ಗುರಿಯಾದನು. ಆ ದಂಡನೆಯ ಅವಧಿಯಲ್ಲಿಯೇ ಎದುರಾಳಿಗಳು ಗೋಲು ಹೊಡೆದರು. ಪಂದ್ಯವೂ ಹೋಯಿತು, ಸರಣಿಯೂ ಹೋಯಿತು. ಆತನ ಒಂಬತ್ತು ವರ್ಷಗಳಲ್ಲಿ ತಂಡವು ಎದುರಾಳಿಯನ್ನು ಸರಣಿಯಲ್ಲಿ ಸೋಲಿಸಿದ್ದು ಎರಡೇ ಸಲ. ಆದರೆ ಅದೇ ನಿರ್ಣಾಯಕ ಪಂದ್ಯಗಳ ಒಟ್ಟು ಲೆಕ್ಕವನ್ನು ನೋಡಿದರೆ 70 ಪಂದ್ಯಗಳಿಗೆ 63 ಅಂಕಗಳಿವೆ. ಇದು ಸೋಮಾರಿಯ ಲೆಕ್ಕವಲ್ಲ. ನೋಡುವವನ ಮನಸ್ಸಿನಲ್ಲಿ ಉಳಿಯುವುದು ಮಾತ್ರ ಗಾಜಿನಾಚೆಗೆ ಹಾರಿದ ಆ ಬಿಲ್ಲೆ.

ವಿಚಿತ್ರವೇನೆಂದರೆ, 2025ರ ಮೇ ತಿಂಗಳಿನಲ್ಲಿ ಧಿಕ್ಕಾರಕ್ಕೆ ಪಾತ್ರನಾದ ಇವನೇ ಮೂರು ತಿಂಗಳ ಹಿಂದೆ ಇಡೀ ದೇಶದ ಕಣ್ಮಣಿಯಾಗಿದ್ದನು. ಆ ಫೆಬ್ರುವರಿಯಲ್ಲಿ ಕೆನಡಾ, ಅಮೆರಿಕ, ಸ್ವೀಡನ್, ಫಿನ್ಲೆಂಡುಗಳ ನಡುವೆ ಪಂದ್ಯಾವಳಿ ನಡೆಯಿತು. ಕೆನಡಾವನ್ನು ತಮ್ಮ 51ನೆಯ ಸಂಸ್ಥಾನವನ್ನಾಗಿ ಮಾಡಿಕೊಳ್ಳುವ ಮಾತನ್ನು ಅಮೆರಿಕದ ಅಧ್ಯಕ್ಷರು ಆಡುತ್ತಿದ್ದ ಕಾಲವದು. ಆಟದ ಅಂಕಣವು ಸ್ವಾಭಿಮಾನದ ರಣರಂಗವಾಗಿದ್ದಿತು. ಮಾಂಟ್ರಿಯಲಿನಲ್ಲಿ ಪ್ರೇಕ್ಷಕರು ಅಮೆರಿಕದ ರಾಷ್ಟ್ರಗೀತೆಗೇ ಹಳಿದಿದ್ದರು (ಅದು ಒಳ್ಳೆಯ ನಡತೆಯೆಂದು ನಾವು ಹೇಳಲಾರೆವು). ಸ್ವೀಡನ್ನಿನೆದುರು ಹೆಚ್ಚುವರಿ ಕಾಲದಲ್ಲಿ ಗೆಲುವಿನ ಗೋಲನ್ನು ಹೊಡೆದವನು ಮಾರ್ನರ್. 20ರಂದು ಅಮೆರಿಕದ ಬಾಸ್ಟನ್ ನಗರದಲ್ಲಿಯೇ ನಡೆದ ಅಂತಿಮ ಪಂದ್ಯದಲ್ಲಿ, ಹೆಚ್ಚುವರಿ ಕಾಲದಲ್ಲಿ ಮೂಲೆಯಿಂದ ಬಿಲ್ಲೆಯನ್ನು ಕಾನರ್ ಮೆಕ್‌ಡೇವಿಡನಿಗೆ ತಲುಪಿಸಿ ಕೆನಡಾಕ್ಕೆ 3-2ರ ಜಯವನ್ನು ದೊರಕಿಸಿದವನೂ ಅವನೇ. ಸಂದಿಗ್ಧ ಕಾಲಕ್ಕೆ ಒದಗದವನೆಂಬ ಮಾತು ಅಂದು ಯಾರ ಬಾಯಿಯಲ್ಲಿಯೂ ಇರಲಿಲ್ಲ.

ಹಿತ್ತಲ ಗಿಡ ಮದ್ದಲ್ಲ ಎಂಬ ನಮ್ಮ ಗಾದೆಯು ಇದರ ಒಂದು ಪಕ್ಕವನ್ನು ಮಾತ್ರ ಹೇಳುತ್ತದೆ. ಪರಸ್ಥಳದ ಆಟಗಾರನನ್ನು ಜನರು ಕೂಲಿಯಾಳೆಂದು ತಿಳಿಯುತ್ತಾರೆ. ಅವನು ಸೋತರೆ ಕೆಲಸ ಕೆಟ್ಟಿತು, ಅಷ್ಟೆ. ಊರ ಮಗನು ಸೋತರೆ ತಾವೇ ಸೋತಂತೆ. ಅವನ ತಪ್ಪಿಗೆ ಗ್ರಹಚಾರವೆಂಬ ಹೆಸರು ದೊರೆಯದು. ಸೊಕ್ಕೆಂದೋ, ದುರಾಶೆಯೆಂದೋ, ಕೃತಘ್ನತೆಯೆಂದೋ ಕರೆಯಲ್ಪಡುತ್ತದೆ. ಅಧಿಕಾರಿಗಳನ್ನು ಅವರವರ ಸ್ವಂತ ತಾಲ್ಲೂಕಿಗೆ ನೇಮಿಸಬಾರದೆಂಬ ಎಚ್ಚರವು ನಮ್ಮ ಆಡಳಿತದಲ್ಲಿ ಹಿಂದಿನಿಂದಲೂ ಇರುವುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಪಕ್ಷಪಾತಕ್ಕೆ ಎಡೆಗೊಡಬಾರದೆಂಬುದು ಅದಕ್ಕೆ ಹೇಳುವ ಕಾರಣ. ನಮ್ಮ ಅನುಭವದಲ್ಲಿ ಇನ್ನೊಂದು ಕಾರಣವೂ ಉಂಟು: ತಾನು ಬಾಲ್ಯದಲ್ಲಿ ಗೋಲಿಯಾಡಿದ ಬೀದಿಯಲ್ಲಿ ಅಮಲ್ದಾರನಾಗಿ ನಡೆಯುವವನಿಗೆ ನ್ಯಾಯವಾದ ಕೆಲಸಕ್ಕೂ ಬೈಗುಳ ತಪ್ಪದು. ನಮ್ಮ ಎದುರುಮನೆಯ ಹುಡುಗನೊಬ್ಬನು ಜಿಲ್ಲೆಯ ತಂಡಕ್ಕೆ ಬೌಲರಾಗಿ ಆರಿಸಲ್ಪಟ್ಟಾಗ ಬೀದಿಯವರೆಲ್ಲ ಸಕ್ಕರೆ ಹಂಚಿದೆವು. ಎರಡು ಪಂದ್ಯಗಳಲ್ಲಿ ಅವನು ಪೆಟ್ಟು ತಿಂದ ಮೇಲೆ, ಹಂಚಿದ ಸಕ್ಕರೆಯ ಲೆಕ್ಕವನ್ನು ಅವನ ತಾಯಿಯ ಮುಂದೆಯೇ ಒಪ್ಪಿಸಿದವರುಂಟು. ಆ ಗುಂಪಿನಲ್ಲಿ ನಾವೂ ನಗುತ್ತ ನಿಂತಿದ್ದೆವೆಂಬುದನ್ನು ಮರೆಮಾಚಲಾರೆವು.

ಟೊರಾಂಟೋಗೆ ಇದು ಹೊಸದೂ ಅಲ್ಲ. ನಗರದ ಸ್ಕಾರ್ಬರೋ ಭಾಗದಲ್ಲಿ 1961ರಲ್ಲಿ ಹುಟ್ಟಿದ ಲ್ಯಾರಿ ಮರ್ಫಿ ಎಂಬ ರಕ್ಷಕನು ಬೇರೆಡೆಗಳಲ್ಲಿ ಹೆಸರು ಗಳಿಸಿ 1995ರಲ್ಲಿ ಊರಿಗೆ ಮರಳಿದನು. ಊರವರು ಅವನ ಕೋಲಿಗೆ ಬಿಲ್ಲೆಯು ತಾಗಿದೊಡನೆ ಹಳಿಯುವಷ್ಟರ ಮಟ್ಟಿಗೆ ಬೇಸತ್ತರು. 1997ರ ಮಾರ್ಚಿಯಲ್ಲಿ ತಂಡವು ಅವನನ್ನು ಡೆಟ್ರಾಯಿಟಿಗೆ ಸಾಗಹಾಕಿತು. ಅದೇ ವರ್ಷವೂ, ಮರುವರ್ಷವೂ ಡೆಟ್ರಾಯಿಟ್ ತಂಡವು ಸ್ಟ್ಯಾನ್ಲಿ ಕಪ್ಪನ್ನು ಗೆದ್ದಿತು. ಮರ್ಫಿ ಎರಡು ಸಲವೂ ಆ ತಂಡದಲ್ಲಿದ್ದನು. 2004ರಲ್ಲಿ ಹಾಕಿಯ ಕೀರ್ತಿಮಂದಿರಕ್ಕೆ ಅವನ ಹೆಸರು ಸೇರಿತು. ಆ ಮಂದಿರವಿರುವುದು ಟೊರಾಂಟೋ ನಗರದಲ್ಲಿಯೇ.

ಇದಕ್ಕೆ ಪ್ರತಿಯಾದ ಕಥೆಯೊಂದುಂಟು. ಜಾನ್ ಟವಾರೆಸ್ ಕೂಡ ಅದೇ ಸೀಮೆಯವನು. 1990ರಲ್ಲಿ ಮಿಸಿಸಾಗದಲ್ಲಿ ಹುಟ್ಟಿ ಓಕ್‌ವಿಲ್‌ನಲ್ಲಿ ಬೆಳೆದವನು. ನ್ಯೂಯಾರ್ಕಿನ ಐಲೆಂಡರ್ಸ್ ತಂಡದ ನಾಯಕನಾಗಿದ್ದು, 2018ರ ಜುಲೈ 1ರಂದು ಏಳು ವರ್ಷಗಳಿಗೆ 7 ಕೋಟಿ 70 ಲಕ್ಷ ಡಾಲರುಗಳ ಕರಾರಿನಮೇಲೆ ಮೇಪಲ್ ಲೀಫ್ಸಿಗೆ ಬಂದನು. ಮೇಪಲ್ ಲೀಫ್ಸಿನ ಚಿಹ್ನೆಯ ಹಾಸುಹೊದಿಕೆಗಳ ನಡುವೆ ತಾನು ಬಾಲಕನಾಗಿ ಮಲಗಿದ್ದ ಚಿತ್ರವನ್ನು ಅಂದು ಪ್ರಕಟಿಸಿದನು. ಟೊರಾಂಟೋದವರ ಕಣ್ಣು ತೇವವಾಯಿತು. ನ್ಯೂಯಾರ್ಕಿನವರು ಅವನ ಅಂಗಿಗಳನ್ನು ಸುಟ್ಟರು. 2019ರ ಫೆಬ್ರುವರಿ 28ರಂದು ಅವನು ಹಳೆಯ ಅಂಕಣಕ್ಕೆ ಆಡಲು ಹೋದಾಗ ರಬ್ಬರಿನ ಹಾವುಗಳೂ ಬಿದ್ದವು. ಟೊರಾಂಟೋ ಅಲ್ಲಿ 6-1ರಂತೆ ಸೋತಿತು. ಒಬ್ಬನ ಮನೆಗೆ ಬರುವಿಕೆಯು ಇನ್ನೊಬ್ಬರಿಗೆ ದ್ರೋಹ! 2023ರಲ್ಲಿ ಟಾಂಪಾ ತಂಡದೆದುರು ಹೆಚ್ಚುವರಿ ಕಾಲದಲ್ಲಿ ಗೋಲು ಹೊಡೆದು, 2004ರ ತರುವಾಯ ಮೊದಲ ಬಾರಿಗೆ ಸರಣಿಯ ಗೆಲುವನ್ನು ತಂದುಕೊಟ್ಟವನು ಇವನೇ. ಅಷ್ಟಾದರೂ ಸಂಬಳ ಹೆಚ್ಚು, ಕಾಲು ನಿಧಾನ ಎಂಬ ಗೊಣಗಾಟವು ಇವನನ್ನೂ ಬಿಡಲಿಲ್ಲ. 2024ರ ಆಗಸ್ಟಿನಲ್ಲಿ ನಾಯಕತ್ವವನ್ನು ಮ್ಯಾಥ್ಯೂಸ್ ಎಂಬ ಕಿರಿಯನಿಗೆ ಬಿಟ್ಟುಕೊಟ್ಟನು. ಮರುವರ್ಷ 38 ಗೋಲುಗಳನ್ನು ಹೊಡೆದು, ವರ್ಷಕ್ಕೆ 1 ಕೋಟಿ 10 ಲಕ್ಷವಿದ್ದ ಸಂಬಳವನ್ನು ಸುಮಾರು 44 ಲಕ್ಷಕ್ಕೆ ಇಳಿಸಿಕೊಂಡು ಊರಿನಲ್ಲಿಯೇ ನಾಲ್ಕು ವರ್ಷ ಉಳಿಯಲು ಒಪ್ಪಿದನು. ಊರಿನ ಬಾಯಿಯು ಆಗ ಮೆಚ್ಚಿತು. ಮೂವತ್ತೈದರ ಹತ್ತಿರ ಬಂದು, ಹಿಂದೆ ಕೋಟಿಗಳನ್ನು ಎಣಿಸಿದವನು ಬಿಟ್ಟುಕೊಡುವುದಕ್ಕೂ, ಇಪ್ಪತ್ತೆರಡರ ಯುವಕನು ಬಿಟ್ಟುಕೊಡುವುದಕ್ಕೂ ವ್ಯತ್ಯಾಸವಿದೆಯೆಂಬುದನ್ನು ಎಷ್ಟು ಜನರು ಆಲೋಚಿಸಿದರೋ ಅರಿಯೆವು.

ಹಣ ಕೊಟ್ಟು ಒಳಗೆ ಬಂದವನು ಕೂಗಬಹುದು. ಸಂಬಳವನ್ನು ಆಡಿಕೊಳ್ಳಬಹುದು, ಗೋಲು ಹೊಡೆಯಬೇಕಾದಲ್ಲಿ ಬಿಲ್ಲೆಯನ್ನು ಇನ್ನೊಬ್ಬನಿಗೆ ದಾಟಿಸುವ ಅಂಜುಬುರುಕತನವನ್ನು ಹಳಿಯಬಹುದು. ಮಾರ್ನರನಲ್ಲಿ ಆ ದೋಷವಿತ್ತೆಂದೇ ನಮ್ಮ ಮತ. ಆದರೆ ಫ್ಲಾರಿಡಾದ ಸೋಲಿನ ತರುವಾಯ ತನ್ನ ಮನೆಯ ವಿಳಾಸವು ಅಂತರ್ಜಾಲದಲ್ಲಿ ಪ್ರಕಟವಾಗಿ, ಕೆಲವು ವಾರಗಳ ಕಾಲ ಹಗಲಿರುಳೂ ಮನೆಗೆ ಕಾವಲಿಡಬೇಕಾಯಿತೆಂದು ಆತನೇ ಹೇಳಿದ್ದಾನೆ. ಮನೆಯಲ್ಲಿ ಆಗ ಹಸುಗೂಸಿತ್ತು. ಇದಕ್ಕೆ ಅಭಿಮಾನವೆಂಬ ಹೆಸರು ಸಲ್ಲದು. ಕ್ರೀಡೆಯ ಪುಟದಲ್ಲಿ ಅಲ್ಲ, ಪೊಲೀಸರ ದಫ್ತರದಲ್ಲಿ ಬರೆಯತಕ್ಕ ಸಂಗತಿಯಿದು. ಟೊರಾಂಟೋದ ಲಕ್ಷಾಂತರ ಅಭಿಮಾನಿಗಳು ಇದನ್ನು ಮಾಡಲಿಲ್ಲ. ಮಾಡಿದವರು ಬೆರಳೆಣಿಕೆಯವರೇ ಇರಬೇಕು. ಆದರೆ ಲಕ್ಷ ಜನರು ಸೇರಿ ಎಬ್ಬಿಸಿದ ಗದ್ದಲವಿಲ್ಲದಿದ್ದರೆ ಆ ಬೆರಳೆಣಿಕೆಯವರಿಗೆ ಧೈರ್ಯವು ಬರುತ್ತಿತ್ತೆ?

ಮಾರ್ಚಿಯಲ್ಲಿ ಬೇರೆ ತಂಡಕ್ಕೆ ಹೋಗುವೆಯಾ ಎಂದು ಕೇಳಿದಾಗ ಒಲ್ಲೆನೆಂದಿದ್ದವನು, ಜೂನ್ ತಿಂಗಳ ಕೊನೆಯ ದಿನ ಟೊರಾಂಟೋವನ್ನು ಬಿಟ್ಟನು. ನೆವಾಡಾದ ಮರುಭೂಮಿಯಲ್ಲಿರುವ ಲಾಸ್ ವೇಗಾಸ್ ನಗರದ ತಂಡವು ಎಂಟು ವರ್ಷಗಳಿಗೆ 9 ಕೋಟಿ 60 ಲಕ್ಷ ಡಾಲರುಗಳನ್ನು ಒಪ್ಪಿಕೊಂಡಿತು. ಆ ಸಂಸ್ಥಾನದಲ್ಲಿ ಸಂಸ್ಥಾನದ ವರಮಾನ ತೆರಿಗೆಯೂ ಇಲ್ಲ. ಆದುದರಿಂದ ಹಣಕ್ಕಾಗಿಯೇ ಹೋದನೆಂದು ಒಂದು ಗುಂಪೂ, ನಾವೇ ಓಡಿಸಿದೆವೆಂದು ಇನ್ನೊಂದು ಗುಂಪೂ ವಾದಿಸುತ್ತಿದ್ದವು. ಟೊರಾಂಟೋದಲ್ಲಿ ಆತನ ಅಂಗಿಯ ಸಂಖ್ಯೆ 16 ಆಗಿತ್ತು. ಹೊಸ ತಂಡದಲ್ಲಿ 93ನ್ನು ತೊಟ್ಟನು. 1990ರ ದಶಕದಲ್ಲಿ ಟೊರಾಂಟೋದ ಜನರು ಎದೆಯಲ್ಲಿಟ್ಟುಕೊಂಡಿದ್ದ ಡಗ್ ಗಿಲ್ಮರ್ ಎಂಬ ಆಟಗಾರನ ಸಂಖ್ಯೆಯದು. ಟೊರಾಂಟೋದಲ್ಲಿ ಇನ್ನಾರೂ ಅದನ್ನು ತೊಡಕೂಡದೆಂದು ತಂಡವು ಗೌರವಪೂರ್ವಕವಾಗಿ ಎತ್ತಿರಿಸಿದ್ದು 2016ರ ಅಕ್ಟೋಬರ್ 15ರಂದು, ಈ ಹುಡುಗನು ತನ್ನ ಮೊದಲ ಗೋಲನ್ನು ಹೊಡೆದ ಅದೇ ಸಂಜೆ.